ಬಿರುಕು ಬಿದ್ದ ಗೋಡೆಯನ್ನು ಸರಿಮಾಡುವ ವಿಧ

ಓದತಕ್ಕ ವೇದಭಾಗ: ಯೆಹೆಜ್ಕೇಲ 13ನೆಯ ಅಧ್ಯಾಯ, 10ರಿಂದ 15ರ ವರೆಗಿನ ವಚನಗಳು.



ಪ್ರವಾದಿಯಾದ ಯೆಹೆಜ್ಕೇಲನು ತನ್ನ ಜನರ ಸ್ಥಿತಿಯನ್ನು ತೋರಿಸುವದಕ್ಕೆ ಒಂದು ಗೋಡೆಯ ದೃಷ್ಟಾಂತವನ್ನು ಹೇಳುತ್ತಾನೆ. ಜನರು ಸತ್ವವಿಲ್ಲದ ಗೋಡೆಯನ್ನು ಎಬ್ಬಿಸಿದರು. ಸುಳ್ಳು ಪ್ರವಾದಿಗಳು ಬಂದು ಅದನ್ನು ಪರೀಕ್ಷಿಸಲಿಲ್ಲ, ಬಲಪಡಿಸಲೂ ಇಲ್ಲ. ಅದಕ್ಕೆ ಸುಣ್ಣ ಬಳಿದು, ಸಮಾಧಾನವಿಲ್ಲದಿರುವಾಗ ಸಮಾಧಾನವೆಂದು ಸಾರಿದರು. ಆಗ ದೇವರು ಪ್ರವಾದಿಯ ಬಾಯಿಂದ ಹೇಳಿಸಿದ್ದೇನಂದರೆ, ಮಳೆಯೂ ಆನೆಕಲ್ಲೂ ಬಿರುಗಾಳಿಯೂ ಬರುವವು. ಗೋಡೆಯು ಬಿದ್ದು ಅದರ ಅಸ್ತಿವಾರವು ಬಯಲಾಗುವದು. ಬಳಿದ ಸುಣ್ಣವು ಎಲ್ಲಿ ಹೋಯಿತೆಂದು ಜನರು ಕೇಳುವರು.

ಈ ಮಾತನ್ನು ಹಳ್ಳಿಯವರಾದ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಹಬ್ಬ ಹತ್ತಿರ ಬಂದಾಗ ಮನೆಗೆ ಸುಣ್ಣ ಬಳಿಯುತ್ತೇವೆ. ಬಿರುಕಿದ್ದ ಕಡೆ ಒಂದಿಷ್ಟು ಮಣ್ಣು ಮೆತ್ತಿ, ಅದರ ಮೇಲೆ ಬಿಳಿಯ ಬಣ್ಣ ಎಳೆದರೆ ನೋಡುವವರಿಗೆ ಗೋಡೆಯು ಹೊಸದೇ. ಆದರೆ ಒಂದು ಮಳೆಗಾಲ ಕಳೆದ ಮೇಲೆ ಅದೇ ಸ್ಥಳದಲ್ಲಿ ಅದೇ ಬಿರುಕು ಮತ್ತೆ ಕಾಣಿಸುತ್ತದೆ. ಮೊದಲಿಗಿಂತ ಅಗಲವಾಗಿಯೇ ಕಾಣಿಸುತ್ತದೆ. ಯಾಕಂದರೆ ದೋಷವು ಗೋಡೆಯ ಮೈಯಲ್ಲಿ ಇರಲಿಲ್ಲ, ಅದರ ಕೆಳಗೆ ಇತ್ತು.

ಹಳೆಯ ದೇವಾಲಯವೊಂದನ್ನು ಬೀಳದಂತೆ ಉಳಿಸಿದ ನಿಜವಾದ ವೃತ್ತಾಂತವನ್ನು ಈ ತಿಂಗಳು ನಿಮ್ಮ ಮುಂದೆ ಇಡುತ್ತೇನೆ. ಅದು ಕಲ್ಲು ಗಾರೆಗಳ ಕಥೆ. ಆದರೂ ಜೀವವುಳ್ಳ ಕಲ್ಲುಗಳಾದ ನಮಗೆ ಅದರಲ್ಲಿ ದೊಡ್ಡ ಬುದ್ಧಿವಾದ ಉಂಟು.

ಇಂಗ್ಲೆಂಡ್ ದೇಶದ ದಕ್ಷಿಣ ಭಾಗದಲ್ಲಿ ವಿಂಚೆಸ್ಟರ್ ಎಂಬ ಪಟ್ಟಣವಿದೆ. ಅಲ್ಲಿಯ ಮಹಾದೇವಾಲಯವನ್ನು ವಾಕೆಲಿನ್ ಎಂಬ ಬಿಷಪನು 1079ರಲ್ಲಿ ಕಟ್ಟಲು ಆರಂಭಿಸಿದನು. ಮುಂದೆ 13ನೆಯ ಶತಮಾನದ ಆರಂಭದಲ್ಲಿ ಗಾಡ್‌ಫ್ರೀ ಡಿ ಲೂಸಿ ಎಂಬ ಬಿಷಪನು ಅದರ ಪೂರ್ವಭಾಗವನ್ನು ವಿಸ್ತರಿಸಿದನು. ಆ ಸ್ಥಳವು ನದಿಯ ತಗ್ಗಿನ ಒದ್ದೆ ನೆಲ. ಬಹುಕಾಲದ ಹುಲ್ಲು ಜೊಂಡುಗಳು ಕೊಳೆತು ಕೂಡಿಕೊಂಡ ಮೆತ್ತನೆಯ ಕಪ್ಪು ಮಣ್ಣಿನ ಪದರವು ಅಲ್ಲಿತ್ತು. ಅದರ ಕೆಳಗೆ ಮಾತ್ರ ಗಟ್ಟಿಯಾದ ಜಲ್ಲಿಕಲ್ಲಿನ ನೆಲ. ಅಷ್ಟು ಆಳಕ್ಕೆ ನೀರೊಳಗೆ ಅಗೆಯುವ ಉಪಾಯವು ಆ ಕಾಲದವರಲ್ಲಿ ಇರಲಿಲ್ಲ. ಆದದರಿಂದ ಅವರು ಬೀಚ್ ಎಂಬ ಮರದ ದಿಮ್ಮಿಗಳನ್ನು ತೆಪ್ಪದ ಹಾಗೆ ಮಲಗಿಸಿ, ಅವುಗಳ ಮೇಲೆ ಕಲ್ಲಿನ ಗೋಡೆಗಳನ್ನು ಎಬ್ಬಿಸಿದರು.

ಆ ಗೋಡೆಗಳು ನೋಟಕ್ಕೆ ಬಹು ಸುಂದರವಾಗಿದ್ದವು. ಆದರೆ ದಿಮ್ಮಿಗಳ ಕೆಳಗಿನ ಮೆತ್ತನೆಯ ಮಣ್ಣು ಕಲ್ಲಿನ ಭಾರಕ್ಕೆ ಅಮುಕುತ್ತಾ ಬಂದಿತು. ಒಂದು ದಿನದಲ್ಲಲ್ಲ, ಒಂದು ವರುಷದಲ್ಲಿಯೂ ಅಲ್ಲ, ಏಳುನೂರು ವರುಷಗಳಲ್ಲಿ ಗೋಡೆಗಳು ಸ್ವಲ್ಪ ಸ್ವಲ್ಪವಾಗಿ ಕುಸಿದು ಹೊರಕ್ಕೆ ವಾಲಿದವು. 1905ರಷ್ಟಕ್ಕೆ ದೊಡ್ಡ ಬಿರುಕುಗಳು ಬಾಯ್ದೆರೆದವು; ದೇವಾಲಯವು ಬಿದ್ದೇ ಹೋಗುವದೋ ಎಂಬ ಭಯ ಹುಟ್ಟಿತು.

ಟಾಮಸ್ ಜಾಕ್ಸನ್ ಎಂಬ ಶಿಲ್ಪಿಯೂ ಫ್ರಾನ್ಸಿಸ್ ಫಾಕ್ಸ್ ಎಂಬ ಇಂಜಿನಿಯರನೂ ಕೂಡಿ ವಿಚಾರಿಸಿದರು. ಮೊದಲು ಗೋಡೆಗಳಿಗೆ ಹೊರಗಿನಿಂದ ಬಲವಾದ ಮರದ ಊರೆಗಳನ್ನು ಕೊಟ್ಟರು. ಟೊಳ್ಳುಬಿದ್ದ ಗೋಡೆಗಳ ಒಳಕ್ಕೆ ತೆಳುವಾದ ಗಾರೆಯನ್ನು ಯಂತ್ರದಿಂದ ಒತ್ತಿ ತುಂಬಿದರು. ಆಮೇಲೆ ಗೋಡೆಯ ಬುಡದಲ್ಲಿ ಗುಂಡಿ ತೋಡಿ ಗಟ್ಟಿ ನೆಲವನ್ನು ಮುಟ್ಟಲು ನೋಡಿದರು. ಆದರೆ ಮೆತ್ತನೆಯ ಮಣ್ಣನ್ನು ಕಡಿದ ಕೂಡಲೇ ಕೆಳಗಿನಿಂದ ನೀರು ಉಕ್ಕಿ ಗುಂಡಿಯು ತುಂಬಿಹೋಯಿತು. ಆ ನೀರನ್ನು ಪಂಪು ಹಚ್ಚಿ ಎಳೆದುಹಾಕಬಾರದೋ ಎಂದು ನೀವು ಕೇಳಬಹುದು. ಅದು ಅಪಾಯವಾಗಿತ್ತು. ಬಲವಂತದಿಂದ ನೀರನ್ನು ಎಳೆದರೆ ನೀರಿನ ಸಂಗಡ ಗೋಡೆಯ ಕೆಳಗಿನ ಮಣ್ಣೂ ಕೊಚ್ಚಿಕೊಂಡು ಬರುವದು. ಆಗ ಉಳಿಸಬೇಕೆಂದಿದ್ದ ಗೋಡೆಯನ್ನು ತಾವೇ ಕೆಡವಿದಂತಾಗುವದು.

ಆದಕಾರಣ ನೀರನ್ನು ಹೊರಗೆ ತರುವದನ್ನು ಬಿಟ್ಟು, ಮನುಷ್ಯನೊಬ್ಬನನ್ನು ನೀರಿಗೆ ಇಳಿಸಿದರು. ವಿಲಿಯಂ ವಾಕರ್ ಎಂಬ ಮುಳುಗುಗಾರನು 1906ರಿಂದ 1911ರ ವರೆಗೆ ಆ ಕೆಲಸವನ್ನು ಮಾಡಿದನು. ಅವನು ತೊಡುತ್ತಿದ್ದ ಉಡುಪು, ತಲೆಯ ಕವಚ, ಸೀಸದ ಭಾರಗಳು ಎಲ್ಲಾ ಕೂಡಿ ಸುಮಾರು 90 ಕಿಲೋಗ್ರಾಂ ತೂಕ. ನೀರು ಕಲಕಿ ಕಪ್ಪಾಗಿದ್ದದರಿಂದ ದೀಪವು ಪ್ರಯೋಜನಕ್ಕೆ ಬರಲಿಲ್ಲ. ಅವನು 20 ಅಡಿಯಷ್ಟು ಆಳದಲ್ಲಿ, ದಿನಕ್ಕೆ ಸುಮಾರು 6 ತಾಸು, ಕೈಯಿಂದ ತಡವುತ್ತಾ ಕೆಲಸಮಾಡಿದನು. ಮೆತ್ತನೆಯ ಮಣ್ಣನ್ನು ಕಡಿದು ಮೇಲಕ್ಕೆ ಕಳುಹಿಸಿ, ಗಟ್ಟಿ ನೆಲ ಸಿಕ್ಕಿದಾಗ ಅದರ ಮೇಲೆ ಕಾಂಕ್ರೀಟಿನ ಚೀಲಗಳನ್ನು ಸಾಲಾಗಿ ಇಟ್ಟು, ಅವು ಒಂದಕ್ಕೊಂದು ಕೂಡಿಕೊಳ್ಳುವಂತೆ ಸೀಳುತ್ತಿದ್ದನು. ಅದು ಗಟ್ಟಿಯಾಗಿ ಕೆಳಗಿನ ನೀರು ನಿಂತ ಮೇಲೆ ಮಾತ್ರ ಗುಂಡಿಯ ನೀರನ್ನು ತೆಗೆದು, ಬೇರೆ ಕೆಲಸದವರು ಇಳಿದು, ಹಳೆಯ ಗೋಡೆಯ ಬುಡವನ್ನು ಮುಟ್ಟುವ ತನಕ ಕಾಂಕ್ರೀಟಿನ ಕಲ್ಲುಗಳಿಂದಲೂ ಇಟ್ಟಿಗೆಗಳಿಂದಲೂ ಕಟ್ಟುತ್ತಿದ್ದರು. ಹೀಗೆ ಒಂದಾದ ಮೇಲೊಂದು 235 ಗುಂಡಿಗಳನ್ನು ತೋಡಿದರು. ಆ ಕೆಲಸಕ್ಕೆ 25,800ಕ್ಕಿಂತ ಹೆಚ್ಚು ಕಾಂಕ್ರೀಟಿನ ಚೀಲಗಳೂ, 1,14,900 ಕಾಂಕ್ರೀಟಿನ ಕಲ್ಲುಗಳೂ, 9 ಲಕ್ಷ ಇಟ್ಟಿಗೆಗಳೂ ಹಿಡಿದವು. 1912ನೆಯ ಜುಲೈ 15ರಂದು ಅರಸನಾದ ಐದನೆಯ ಜಾರ್ಜನ ಸಮ್ಮುಖದಲ್ಲಿ ದೇವರಿಗೆ ಸ್ತೋತ್ರದ ಆರಾಧನೆಯು ನಡೆಯಿತು. ಆ ದೇವಾಲಯವು ಇಂದಿಗೂ ನಿಂತಿದೆ.

ಪ್ರಿಯರೇ, ಈ ಕಾರ್ಯದಿಂದ ನಾವು ನಾಲ್ಕು ಪಾಠಗಳನ್ನು ಕಲಿಯುವ.

ಮೊದಲನೆಯದಾಗಿ, ಬಿರುಕು ಸಾಕ್ಷಿ ಹೇಳುತ್ತದೆ. ಅದರ ಬಾಯನ್ನು ಮುಚ್ಚಬಾರದು.

ವಿಂಚೆಸ್ಟರಿನಲ್ಲಿ ಬಿರುಕು ಮೇಲೆ ಕಂಡಿತು. ದೋಷವು ಹೊಸ ಗೋಡೆಯನ್ನು ಹೊತ್ತಿದ್ದ ದಿಮ್ಮಿಗಳ ಕೆಳಗೆ ಇತ್ತು. ನಮ್ಮ ಸಭೆಗಳಲ್ಲಿಯೂ ಹಾಗೆಯೇ ಅಲ್ಲವೇ? ಒಬ್ಬನು ಆರಾಧನೆಗೆ ಬರುವದನ್ನು ಬಿಡುತ್ತಾನೆ. ಇನ್ನೊಬ್ಬನು ಹಿರಿಯರ ಸಂಗಡ ಮಾತು ಬಿಡುತ್ತಾನೆ. ಕಾಣಿಕೆಯ ಲೆಕ್ಕದಲ್ಲಿ ಜಗಳ, ಹಾಡುವ ಸ್ಥಳದ ವಿಷಯದಲ್ಲಿ ಜಗಳ. ಇವು ಬಿರುಕುಗಳು. ಆದರೆ ಕೆಳಗೆ ಏನಿದೆ? ನಾವು ಬೇರೆ ಬೇರೆ ಕೇರಿಗಳಿಂದ ಕ್ರಿಸ್ತನ ಬಳಿಗೆ ಬಂದವರು. ಇಲ್ಲವೆ ಹಾಗೆ ಬಂದವರ ಮಕ್ಕಳು, ಮೊಮ್ಮಕ್ಕಳು. ಕರ್ತನ ಮೇಜಿನ ಬಳಿಯಲ್ಲಿ ಒಂದೇ ರೊಟ್ಟಿಯನ್ನು ಮುರಿಯುತ್ತೇವೆ. ಆದರೆ ಮಗನಿಗೆ ಹೆಣ್ಣು ನೋಡುವಾಗ, ಅವರು ಯಾವ ಕೇರಿಯಿಂದ ಬಂದವರೆಂದು ಮೆಲ್ಲನೆ ವಿಚಾರಿಸುವವರು ನಮ್ಮಲ್ಲಿ ಉಂಟು. ಮದುವೆಯ ಊಟದಲ್ಲಿ ಯಾರ ಪಕ್ಕದಲ್ಲಿ ಕೂತುಕೊಳ್ಳಬೇಕೆಂದು ನೋಡುವವರು ಉಂಟು. ಇದೇನು? ಹೊಸ ಕಲ್ಲನ್ನು ಹಳೆಯ ದಿಮ್ಮಿಗಳ ಮೇಲೆ ಕಟ್ಟಿದ ಹಾಗಲ್ಲವೇ? ಕರ್ತನು ಮಧ್ಯದ ಗೋಡೆಯನ್ನು ಕೆಡವಿದನೆಂದು ಎಫೆಸದವರಿಗೆ ಬರೆದ ಪತ್ರಿಕೆಯಲ್ಲಿ ಓದುತ್ತೇವೆ. ಅವನು ಕೆಡವಿದ್ದನ್ನು ನಾವು ನೆಲದೊಳಗೆ ಬಚ್ಚಿಟ್ಟುಕೊಂಡರೆ, ಅದರ ಮೇಲೆ ಎಬ್ಬಿಸಿದ್ದು ವಾಲದೆ ಇರುವದೇ?

ಕ್ರಿಸ್‌ಮಸ್ ಬಂದಾಗ ಎಲ್ಲರೂ ಕೈಹಿಡಿದು ಶುಭ ಹೇಳುತ್ತೇವೆ. ಅದು ಒಳ್ಳೇದು. ಆದರೆ ಮರುದಿನ ಬಾವಿಯ ಕಟ್ಟೆಯಲ್ಲಿ ಮುಖ ತಿರುಗಿಸಿಕೊಂಡರೆ ಅದು ಸುಣ್ಣದ ಕೆಲಸವೇ ಹೊರತು ಸಮಾಧಾನವಲ್ಲ.

ಎರಡನೆಯದಾಗಿ, ಸರಿಮಾಡುವವನು ತಾನೇ ಇಳಿಯಬೇಕು.

ಕೆಲವರು ಹೇಳುವದೇನಂದರೆ, ಸಭೆಯನ್ನು ಕೂಡಿಸಿ ಎಲ್ಲರ ದೋಷಗಳನ್ನೂ ಒಂದೇ ದಿನದಲ್ಲಿ ಹೊರಗೆ ಹಾಕಿಬಿಡೋಣ. ಕೊಳಕು ನೀರೆಲ್ಲಾ ಬಂದುಹೋಗಲಿ. ಇದು ಪಂಪು ಹಚ್ಚುವವರ ಆಲೋಚನೆ. ಅಂಥ ಕೂಟಗಳಲ್ಲಿ ಏನಾಗುವದೆಂದು ಬಲ್ಲವರು ಬಲ್ಲರು. ಅಜ್ಜನ ಕಾಲದ ಮಾತುಗಳು ಏಳುವವು. ಒಬ್ಬರ ಹೆಣ್ಣುಮಕ್ಕಳ ಹೆಸರು ಇನ್ನೊಬ್ಬರ ಬಾಯಲ್ಲಿ ಬರುವದು. ನೀರಿನ ಸಂಗಡ ಮಣ್ಣೂ ಹೋಗುವದು. ಸಾಯಂಕಾಲಕ್ಕೆ ಎರಡು ಮನೆಗಳ ಜಗಳವು ಹತ್ತು ಮನೆಗಳ ಜಗಳವಾಗಿರುವದು.

ನೆಹೆಮೀಯನು ಹಾಗೆ ಮಾಡಲಿಲ್ಲ. ಅವನು ಯೆರೂಸಲೇಮಿಗೆ ಬಂದಾಗ ಮೊದಲು ರಾತ್ರಿವೇಳೆಯಲ್ಲಿ ಕೆಲವರನ್ನು ಮಾತ್ರ ಕರೆದುಕೊಂಡು, ಬಿದ್ದ ಗೋಡೆಗಳನ್ನೂ ಸುಟ್ಟ ಬಾಗಲುಗಳನ್ನೂ ತಾನೇ ಸುತ್ತಿ ನೋಡಿದನು. ತನ್ನ ಕಣ್ಣಿನಿಂದ ಕಾಣುವ ತನಕ ಯಾರ ಮುಂದೆಯೂ ಬಾಯಿ ತೆರೆಯಲಿಲ್ಲ. ನಮ್ಮ ಹಿರಿಯರೇ, ಉಪದೇಶಿಗಳೇ, ಇದನ್ನು ಗಮನಿಸಿರಿ. ಮುರಿದ ಮನೆಯ ಒಳಕ್ಕೆ ಹೋಗಿರಿ. ಅವರ ಚಾಪೆಯ ಮೇಲೆ ಕೂತು, ಕೊಟ್ಟದ್ದನ್ನು ಕುಡಿದು, ಅವರ ದುಃಖವನ್ನು ಕೇಳಿರಿ. ಅಲ್ಲಿ ಬೆಳಕು ಇರಲಿಕ್ಕಿಲ್ಲ. ಯಾವದು ಗಟ್ಟಿ, ಯಾವದು ಕೊಳೆತದ್ದು ಎಂದು ಕೈಯಿಂದ ತಡವಿ ತಿಳುಕೊಳ್ಳಬೇಕಾಗಬಹುದು.

ನಮ್ಮ ಕರ್ತನು ನಮ್ಮನ್ನು ರಕ್ಷಿಸಿದ್ದು ಹೇಗೆ? ಪರಲೋಕದಲ್ಲಿ ನಿಂತು, ನಿಮ್ಮ ನೀರನ್ನು ನೀವೇ ಬತ್ತಿಸಿಕೊಂಡು ಬನ್ನಿರಿ ಎಂದು ಕೂಗಿದನೋ? ಇಲ್ಲ. ತನ್ನ ಮಹಿಮೆಯನ್ನು ಬಿಟ್ಟು, ನಮ್ಮ ಮಾಂಸದ ಭಾರವನ್ನು ಹೊತ್ತು, ನಮ್ಮ ಕತ್ತಲೆಗೆ ಇಳಿದನು. ಬೆತ್ಲೆಹೇಮಿನ ಕೊಟ್ಟಿಗೆಯು ಆ ಇಳಿಯುವಿಕೆಯ ಆರಂಭ. ಶಿಲುಬೆಯೂ ಸಮಾಧಿಯೂ ಅದರ ಆಳ. ಗಟ್ಟಿ ನೆಲವನ್ನು ಮುಟ್ಟುವ ತನಕ ಅವನು ಇಳಿದನು. ನಮ್ಮ ಅಸ್ತಿವಾರವು ಅವನೇ. ಹೀಗಿರುವಲ್ಲಿ, ನೆರೆಯವನ ಅಂಗಳಕ್ಕೆ ಇಳಿಯಲಾರೆನೆಂದು ಹೇಳುವವನು ಯಾರ ಶಿಷ್ಯನು?

ಮೂರನೆಯದಾಗಿ, ಊರೆ ಕೊಟ್ಟು, ಸ್ವಲ್ಪ ಸ್ವಲ್ಪವಾಗಿ ಸರಿಮಾಡಬೇಕು.

ಆ ದೇವಾಲಯದ ಬುಡವನ್ನೆಲ್ಲಾ ಒಂದೇ ಸಾರಿ ತೋಡಿದ್ದರೆ ಎಲ್ಲವೂ ಕುಸಿಯುತ್ತಿತ್ತು. ಒಂದು ಗುಂಡಿಯನ್ನು ತೋಡುವಾಗ ಅದರ ಆಚೆ ಈಚೆಯ ನೆಲವು ಗೋಡೆಯನ್ನು ಹೊತ್ತಿತ್ತು. ಒಂದನ್ನು ಕಟ್ಟಿ ಮುಗಿಸಿದ ಮೇಲೆ ಅದು ಹೊರುವದಕ್ಕೆ ಬಲವಾಯಿತು. ಆಮೇಲೆ ಮತ್ತೊಂದನ್ನು ತೋಡಿದರು. ಹೀಗೆ ಐದು ವರುಷಗಳಿಗಿಂತ ಹೆಚ್ಚಿನ ಕೆಲಸ.

ಬಿದ್ದ ಸಹೋದರನನ್ನು ಸಾತ್ವಿಕ ಮನಸ್ಸಿನಿಂದ ತಿರಿಗಿ ಸರಿಮಾಡಬೇಕೆಂದು ಪೌಲನು ಗಲಾತ್ಯದವರಿಗೆ ಬೋಧಿಸಿದನು. ಆತನು ಅಲ್ಲಿ ಉಪಯೋಗಿಸಿದ ಗ್ರೀಕ್ ಭಾಷೆಯ ಮಾತೇ ಸುವಾರ್ತೆಯಲ್ಲಿ ಜೆಬೆದಾಯನ ಮಕ್ಕಳು ತಮ್ಮ ಬಲೆಗಳನ್ನು ಸರಿಮಾಡುತ್ತಿದ್ದ ವಿಷಯದಲ್ಲಿಯೂ ಬಂದಿದೆ. ಬಲೆಯನ್ನು ಒಂದೊಂದು ಕಣ್ಣಾಗಿ ಸರಿಮಾಡುತ್ತಾರೆ. ಹರಿದಿತೆಂದು ಸಿಟ್ಟಿನಿಂದ ಎಳೆಯುವದಿಲ್ಲ. ಕುಡಿತದಲ್ಲಿ ಬಿದ್ದವನು ಒಂದು ಭಾನುವಾರ ಅತ್ತು ಬೇಡಿಕೊಂಡದ್ದರಿಂದ ಸೋಮವಾರಕ್ಕೆ ಬಲಿಷ್ಠನಾಗುವದಿಲ್ಲ. ಸಂತೆಯ ದಿನ ಅವನ ಸಂಗಡ ನಡೆದುಬರುವ ಒಬ್ಬ ಸಹೋದರನು ಬೇಕು, ಅವನು ಊರೆ. ಊರೆಗೆ ಅಂದವಿಲ್ಲ, ಅದನ್ನು ಯಾರೂ ಹೊಗಳುವದಿಲ್ಲ. ಆದರೆ ಗಾರೆ ಗಟ್ಟಿಯಾಗುವ ತನಕ ಅದಿಲ್ಲದೆ ಗೋಡೆಯು ನಿಲ್ಲದು.

ನಾಲ್ಕನೆಯದಾಗಿ, ಅಸ್ತಿವಾರದಲ್ಲಿ ಗಟ್ಟಿತನವಿರಲಿ, ಸಂದುಗಳಲ್ಲಿ ಮೃದುತ್ವವಿರಲಿ.

ಇದು ಹಳೆಯ ಕಟ್ಟಡಗಳನ್ನು ಬಲ್ಲವರು ಹೇಳುವ ಮಾತು. ನಮ್ಮ ಸೀಮೆಯಲ್ಲಿ ಹಿರಿಯರು ಕಟ್ಟಿದ ಪ್ರಾರ್ಥನಾಲಯಗಳನ್ನು ನೋಡಿರಿ. ಕರಾವಳಿಯಲ್ಲಿ ಮುರಕಲ್ಲು, ಮೇಲ್ಸೀಮೆಯಲ್ಲಿ ಕಾಡುಗಲ್ಲು ಇಲ್ಲವೆ ಇಟ್ಟಿಗೆ. ಸಂದುಗಳಲ್ಲಿ ಸುಣ್ಣದ ಗಾರೆ. ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಟ್ಟು, ನೀರು ಹೊಯ್ದು ಅರಳಿಸಿ, ಮರಳನ್ನು ಕೂಡಿಸಿ, ಎತ್ತು ಕಟ್ಟಿದ ಗಾಣದಲ್ಲಿ ಅರೆದು, ಕೆಲವು ಕಡೆ ಬೆಲ್ಲದ ನೀರನ್ನೂ ಅಳಲೆಕಾಯಿಯ ರಸವನ್ನೂ ಬೆರಸಿ ಆ ಗಾರೆಯನ್ನು ಮಾಡುತ್ತಿದ್ದರು. ಅದು ಕೂಡಲೇ ಗಟ್ಟಿಯಾಗುವದಿಲ್ಲ. ಗಾಳಿಯನ್ನು ಸೇವಿಸುತ್ತಾ ಮೆಲ್ಲನೆ, ಬಹುಕಾಲದಲ್ಲಿ, ತಿರಿಗಿ ಕಲ್ಲಿನಂತಾಗುವದು. ಹಾಗಾದರೂ ಅದು ಪಕ್ಕದ ಕಲ್ಲಿಗಿಂತ ಮೆತ್ತಗೆ ಇರುವದು. ಗೋಡೆಯು ಸ್ವಲ್ಪ ಅಲುಗಿದರೆ ಸಂದು ತಾಳಿಕೊಳ್ಳುವದು, ಕಲ್ಲು ಒಡೆಯದು. ಗೋಡೆಯೊಳಗಿನ ತೇವವು ಆ ಸಂದಿನಿಂದಲೇ ಹೊರಗೆ ಆರುವದು. ಸವೆಯಬೇಕಾದಾಗ ಗಾರೆಯು ತಾನು ಸವೆದು ಕಲ್ಲನ್ನು ಉಳಿಸುವದು.

ಸಿಮೆಂಟು ಬಂದ ಮೇಲೆ ಅನೇಕ ದೇಶಗಳಲ್ಲಿ ಜನರು ಇಂಥ ಹಳೆಯ ಗೋಡೆಗಳ ಸಂದುಗಳಿಗೆ ಸಿಮೆಂಟನ್ನು ತುಂಬಿದರು. ನೋಡುವದಕ್ಕೆ ಬಲವಾಗಿ ಕಂಡಿತು. ಆದರೆ ಗೋಡೆಯು ಅಲುಗಿದಾಗ ಸಂದು ಬಗ್ಗಲಿಲ್ಲ, ಕಲ್ಲೇ ಸೀಳಿತು. ತೇವವು ಸಂದಿನಿಂದ ಹೊರಡಲಾರದೆ ಕಲ್ಲಿನೊಳಗೆ ನಿಂತು, ಉಪ್ಪು ಕಟ್ಟಿ, ಮೆತ್ತನೆಯ ಕಲ್ಲಿನ ಮುಖವು ಪದರುಪದರಾಗಿ ಉದುರಿತು. ಆದಕಾರಣ ಹಳೆಯ ಕಟ್ಟಡಗಳನ್ನು ಕಾಯುವವರು ಈಗ ಅಂಥ ಸಿಮೆಂಟನ್ನು ಜಾಗ್ರತೆಯಿಂದ ಕೆತ್ತಿ ತೆಗೆದು ಮತ್ತೆ ಸುಣ್ಣದ ಗಾರೆಯನ್ನೇ ತುಂಬುತ್ತಾರೆ. ನಿಮ್ಮ ಊರಿನ ಹಳೆಯ ಪ್ರಾರ್ಥನಾಲಯವನ್ನು ದುರಸ್ತಿ ಮಾಡಿಸುವಾಗಲೂ ಇದನ್ನು ನೆನಪಿಡಿರಿ. ಸುಣ್ಣದ ಕೆಲಸ ಬಲ್ಲ ಮೇಸ್ತ್ರಿಯನ್ನು ವಿಚಾರಿಸಿರಿ.

ಆದರೆ ಗಮನಿಸಿರಿ: ವಿಂಚೆಸ್ಟರಿನಲ್ಲಿ ನೀರೊಳಗಿನ ಅಸ್ತಿವಾರಕ್ಕೆ ಸಿಮೆಂಟಿನ ಕಾಂಕ್ರೀಟನ್ನೇ ಹಾಕಿದರು. ಅಲ್ಲಿ ಅದು ಬೇಕಾಗಿತ್ತು. ಬರೀ ಸುಣ್ಣದ ಗಾರೆಯು ನೀರೊಳಗೆ ಗಟ್ಟಿಯಾಗದು. ಪ್ರತಿಯೊಂದಕ್ಕೂ ತನ್ನ ಸ್ಥಳವುಂಟು. ನಾವೋ ಅನೇಕ ಸಾರಿ ಇದನ್ನು ತಿರುಗುಮುರುಗು ಮಾಡುತ್ತೇವೆ. ಅಸ್ತಿವಾರದ ವಿಷಯದಲ್ಲಿ ಮೆತ್ತಗಾಗುತ್ತೇವೆ: ಸೀಮೆಯ ದೇವತೆಯ ಜಾತ್ರೆಗೆ ಗುಟ್ಟಾಗಿ ಕಾಣಿಕೆ ಕಳುಹಿಸಿದರೆ ಏನಂತೆ, ಹಳೆಯ ಕೇರಿಯ ಕಟ್ಟಳೆಯನ್ನು ಸ್ವಲ್ಪ ಇಟ್ಟುಕೊಂಡರೆ ಏನಂತೆ ಎನ್ನುತ್ತೇವೆ. ಸಂದುಗಳಲ್ಲಿಯೋ, ಸಹೋದರನಿಗೂ ನಮಗೂ ನಡುವೆ, ಕಲ್ಲಿಗಿಂತ ಕಠಿಣರಾಗುತ್ತೇವೆ. ಅವನೇ ಮೊದಲು ಬರಲಿ, ಅವನೇ ಬಗ್ಗಲಿ ಎನ್ನುತ್ತೇವೆ. ಬಗ್ಗದ ಗಾರೆಯ ನಡುವೆ ಎಷ್ಟು ಎಳೆಯ ಮನಸ್ಸುಗಳು ಸೀಳಿಹೋದವೋ ದೇವರೇ ಬಲ್ಲನು. ಗದರಿಸಿ ಗದರಿಸಿ ಮಗನನ್ನು ಮನೆಯಿಂದಲೂ ಸಭೆಯಿಂದಲೂ ಹೊರಡಿಸಿದ ತಂದೆಯು, ತಾನು ಗಟ್ಟಿಯಾಗಿ ಕಟ್ಟಿದೆನೆಂದು ತಿಳುಕೊಂಡನು; ಅವನು ಕಲ್ಲನ್ನೇ ಕಳಕೊಂಡನು. ಕ್ರಿಸ್ತನೆಂಬ ಅಸ್ತಿವಾರದ ವಿಷಯದಲ್ಲಿ ಒಂದು ಬೆರಳಿನಷ್ಟೂ ಬಿಟ್ಟುಕೊಡಬೇಡಿರಿ. ನೀವು ಸೋಲಬೇಕಾದ ಸ್ಥಳದಲ್ಲಿ ಸಂತೋಷದಿಂದ ಸೋಲಿರಿ. ಸವೆಯುವ ಗಾರೆಯೇ ಗೋಡೆಯನ್ನು ಉಳಿಸುವದು.

ಇನ್ನು ಒಂದು ಮಾತು. ವಿಲಿಯಂ ವಾಕರನು 1918ರಲ್ಲಿ ಲೋಕವನ್ನೆಲ್ಲಾ ಸುತ್ತಿದ ಆ ಮಹಾಜ್ವರದಲ್ಲಿ ತೀರಿಕೊಂಡನು. 1964ರಲ್ಲಿ ಅವನ ನೆನಪಿಗಾಗಿ ದೇವಾಲಯದಲ್ಲಿ ಒಂದು ಚಿಕ್ಕ ಪ್ರತಿಮೆಯನ್ನು ಇಟ್ಟರು. ಆದರೆ ಅದರ ಮುಖವು ಅವನದಲ್ಲ, ಇಂಜಿನಿಯರನಾದ ಫಾಕ್ಸನದು. ಆ ತಪ್ಪನ್ನು ಸರಿಮಾಡಿ ಬೇರೆ ಪ್ರತಿಮೆಯನ್ನು ಇಟ್ಟದ್ದು 2001ರಲ್ಲಿ. ಕತ್ತಲೆಯಲ್ಲಿ ದುಡಿದವನ ಮುಖವನ್ನು ಮನುಷ್ಯರು ಮರೆತರು. ಆದರೂ ಅವನು ಇಟ್ಟ ಚೀಲಗಳು ಆ ಗೋಡೆಗಳನ್ನು ಈ ದಿನವೂ ಹೊತ್ತಿವೆ. ಸಮಾಧಾನಪಡಿಸುವದಕ್ಕೆ ರಾತ್ರಿ ದೀಪ ಹಿಡಿದು ಮನೆಯಿಂದ ಮನೆಗೆ ನಡೆದ ಅಜ್ಜಿಯ ಹೆಸರನ್ನು ಸಭೆಯ ಪುಸ್ತಕದಲ್ಲಿ ಯಾರೂ ಬರೆಯಲಿಕ್ಕಿಲ್ಲ. ಚಿಂತೆಯಿಲ್ಲ, ಗುಟ್ಟಿನಲ್ಲಿ ನೋಡುವ ತಂದೆಯು ಮುಖವನ್ನು ಮರೆಯುವವನಲ್ಲ.

ಹಾಗಾದರೆ ನಾವು ಎಲ್ಲಿ ಆರಂಭಿಸಬೇಕು? ಯೆರೂಸಲೇಮಿನ ಗೋಡೆಯನ್ನು ಸರಿಮಾಡುವಾಗ ಅನೇಕರು ತಮ್ಮ ತಮ್ಮ ಮನೆಗಳ ಎದುರಿಗಿದ್ದ ಭಾಗವನ್ನೇ ಸರಿಮಾಡಿದರೆಂದು ನೆಹೆಮೀಯನ ಗ್ರಂಥದ 3ನೆಯ ಅಧ್ಯಾಯದಲ್ಲಿ ಓದುತ್ತೇವೆ. ನಿಮ್ಮ ಮನೆಯ ಎದುರಿಗೆ ಯಾವ ಬಿರುಕು ಇದೆ? ಯಾರ ಅಂಗಳವನ್ನು ತುಳಿಯುವದನ್ನು ನೀವು ಬಿಟ್ಟಿದ್ದೀರಿ? ಯಾರ ಮನೆಯ ಅನ್ನವನ್ನು ಇದುವರೆಗೂ ಉಣ್ಣಲಿಲ್ಲ? ಮುಂದಿನ ಕರ್ತನ ಭೋಜನಕ್ಕೆ ಇನ್ನು ಕೆಲವು ದಿವಸಗಳಿವೆ. ಆ ಮೇಜಿನ ಬಳಿಗೆ ಬರುವದಕ್ಕಿಂತ ಮುಂಚೆ ಒಂದೇ ಒಂದು ಮನೆಗೆ ಹೋಗಿ ಬನ್ನಿರಿ. ಒಂದೇ ಒಂದು ಗುಂಡಿಯನ್ನು ತೋಡಿ, ಒಂದು ಚೀಲವನ್ನು ಗಟ್ಟಿ ನೆಲದ ಮೇಲೆ ಇಡಿರಿ.

ಆತ್ಮಗಳ ಮೂಲೆಗಲ್ಲಾದ ಯೇಸು ಕ್ರಿಸ್ತನು ನಮ್ಮ ಸುಣ್ಣವನ್ನು ತೊಳೆದು, ನಮ್ಮ ಬಿರುಕುಗಳನ್ನು ನಮಗೆ ತೋರಿಸಿ, ಇಳಿಯುವ ಧೈರ್ಯವನ್ನೂ ಕಾಯುವ ತಾಳ್ಮೆಯನ್ನೂ ಬಗ್ಗುವ ಪ್ರೀತಿಯನ್ನೂ ನಮಗೆ ದಯಪಾಲಿಸಲಿ. ಆತನ ಸಭೆಯು ಎಲ್ಲಾ ಕೇರಿಗಳಿಂದ ಬಂದ ಕಲ್ಲುಗಳ ಒಂದೇ ಮನೆಯಾಗಿ ಮಳೆಗೂ ಗಾಳಿಗೂ ನಿಲ್ಲಲಿ. ಆಮೆನ್.